ಅರ್ಧಕ್ಕೆ ನಿಲ್ಲಿಸಬಾರದ ಅಳು

ನಾನು ನಿಂತಿದ್ದು ಧಾರಾವಿಯಲ್ಲಿ, ನಮ್ಮ ಚಾಳು ಎಂಬ ವಠಾರದ ಹಿಂದಿರುವ ಮೈದಾನದ ಮೂಲೆಯಲ್ಲಿ, ವೇದಿಕೆಯ ಎಡಕ್ಕೆ. ಬೆನ್ನಿಗೆ ಸಾರ್ವಜನಿಕ ಶೌಚಾಲಯದ ಗೋಡೆ. ಮುಂದೆ ಒಂದು ಮೇಜು, ಮೇಜಿನ ಮೇಲೆ ನನ್ನ ಸೌಂಡ್ ಮಿಕ್ಸರ್. ಮೇ ತಿಂಗಳ ಒಂದು ಶನಿವಾರ, ಸಂಜೆ. ಬಿಸಿಲು ಆಚೆಯ ಬಿಲ್ಡಿಂಗಿನ ಹಿಂದೆ ಇಳಿದಿತ್ತು, ಆದರೆ ಬೆಳಕು ಇತ್ತು. ವೇದಿಕೆಯ ದೀಪ ಹಚ್ಚಿದ್ದರೂ ಅದರ ಅಗತ್ಯ ಇರಲಿಲ್ಲ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತಿದ್ದವರ ಮುಖ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಆ ಸಂಜೆಯ ಒಂದು ತುಣುಕು ವಿಡಿಯೋ ಜನರ ಫೋನುಗಳಲ್ಲಿ ಓಡಾಡಿತು. ಅದು ನಡುವಿನಿಂದ ಶುರುವಾಗುತ್ತದೆ, ಕೊನೆಗಿಂತ ಮೊದಲೇ ಮುಗಿಯುತ್ತದೆ. ಅದನ್ನು ನೋಡಿದ ಕೆಲವರು, ಹೆಂಗಸರನ್ನು ಕೂಲಿಗೆ ತಂದು ಅಳಿಸಿದ್ದಾರೆ ಎಂದರು. ಕೆಲವರು ಸೈನ್ಯಕ್ಕೆ ಅವಮಾನ ಎಂದರು. ನಾನು ನೋಡಿದ್ದು ಬೇರೆ.

ನನ್ನದು ಬಾಡಿಗೆಗೆ ಮೈಕು, ಸ್ಪೀಕರು ಕೊಡುವ ಅಂಗಡಿ. ವಿಜಯಪುರದ ಕಡೆಯಿಂದ ಬಂದವನು. ಅಂಗಡಿಯ ಮೇಲಿನ ಅಟ್ಟದಲ್ಲಿ ಸ್ಪೀಕರುಗಳ ಜೊತೆಗೇ ಮಲಗುತ್ತೇನೆ, ಒಬ್ಬನೇ. ಮದುವೆಯ ಹಾಡು, ಆರತಿ, ಭಾಷಣ, ಹುಟ್ಟುಹಬ್ಬ ಎಲ್ಲವೂ ನನ್ನ ಕೈಯ ಕೆಳಗಿನಿಂದಲೇ ಹಾದುಹೋಗುತ್ತವೆ. ಮನೆಗಳು ತುಂಬುವುದನ್ನು ಕೇಳುತ್ತೇನೆ, ವೈರು ಸುತ್ತಿಕೊಂಡು ಬರುತ್ತೇನೆ. ರೈಲುಗಳು ನಿಂತುಹೋಗಿದ್ದ ಆ ವರ್ಷ ನನ್ನ ಅವ್ವ ಊರಿನಲ್ಲಿ ತೀರಿಕೊಂಡಳು. ಹೋಗಲಾಗಲಿಲ್ಲ. ಓಣಿಯ ಹೆಂಗಸರು ಅವಳ ಮುಂದೆ ಹಾಡಿಕೊಂಡು ಅತ್ತದ್ದನ್ನು ಯಾರೋ ಫೋನು ಹಿಡಿದು ನನಗೆ ಕೇಳಿಸಿದರು. ನಾನು ಅಟ್ಟದಲ್ಲಿ ಕೂತು ಕೇಳಿದೆ. ನಡುವೆ ಲೈನು ಕಡಿದುಹೋಯಿತು.

ನಮ್ಮ ಕಡೆಯವರಲ್ಲದವರಿಗೆ ಈ ಅಳುವಿನ ವಿಷಯ ಹೇಳಬೇಕು. ನಮ್ಮಲ್ಲಿ ಯಾರಾದರೂ ಸತ್ತರೆ ಹೆಂಗಸರು ಬರೀ ಅಳುವುದಿಲ್ಲ, ಮಾತು ಕಟ್ಟಿ ಹಾಡುತ್ತ ಅಳುತ್ತಾರೆ. ಸತ್ತವನನ್ನೇ ಕೇಳುತ್ತಾರೆ, ಬೈಯುತ್ತಾರೆ, ಅವನು ಬಿಟ್ಟುಹೋದ ಕೆಲಸಗಳನ್ನು ಎಣಿಸುತ್ತಾರೆ. ಬಂದ ಹೆಂಗಸರು ಒಬ್ಬೊಬ್ಬರಾಗಿ ಆ ಮನೆಯವಳ ಕೊರಳಿಗೆ ಬಿದ್ದು ಆ ಹಾಡನ್ನು ಮುಂದುವರಿಸುತ್ತಾರೆ. ಇನ್ನೊಂದು ವಿಷಯ: ದೂರದಲ್ಲಿರುವವರಿಗೆ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವುದಿಲ್ಲ. ಆರಾಮಿಲ್ಲ, ಬಾ ಎನ್ನುತ್ತಾರೆ. ಬಾಗಿಲಿಗೆ ಬಂದಾಗ ಹೆಂಗಸರು ಕೊರಳಿಗೆ ಬೀಳುತ್ತಾರೆ. ಆಗ ತಿಳಿಯುತ್ತದೆ.

ನಮ್ಮ ಚಾಳಿನಲ್ಲಿ, ನನ್ನ ಅಂಗಡಿಯ ಎದುರಿನ ಖೋಲಿಯಲ್ಲಿ, ಒಬ್ಬ ತಾಯಿ ಇದ್ದಾಳೆ. ನಮ್ಮ ಜಿಲ್ಲೆಯವಳೇ. ಗಂಡ ಕಟ್ಟಡದ ಕೆಲಸ ಮಾಡುತ್ತಿದ್ದವನು, ತೀರಿಹೋಗಿ ಬಹಳ ಕಾಲವಾಯಿತು. ಇಬ್ಬರು ಗಂಡುಮಕ್ಕಳು. ದೊಡ್ಡವನು ಸೈನ್ಯದಲ್ಲಿ, ಗಡಿಯ ಹತ್ತಿರ. ಯಾವ ಊರೆಂದು ಅವನು ಹೇಳುವಂತಿರಲಿಲ್ಲ. ಸಣ್ಣವನು ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ಕೋಣೆಗಳನ್ನು ಸಜ್ಜು ಮಾಡುವ ಕೆಲಸಕ್ಕಿದ್ದಾನೆ. ರಜೆಯ ದಿನ ರ‍್ಯಾಪ್ ಹಾಡುತ್ತಾನೆ. ಇಲ್ಲೇ ಹುಟ್ಟಿದವನು, ಅವನ ಕನ್ನಡ ಅರ್ಧ ಹಿಂದಿ. ನನಗೆ ಮಾಮಾ ಎನ್ನುತ್ತಾನೆ.

ಆ ವಾರ ಗಡಿಯಿಂದ ಗುಂಡಿನ ಸುದ್ದಿ ಬರುತ್ತಿತ್ತು. ಚಾಳಿನಲ್ಲಿ ಎಲ್ಲ ಟೀವಿಗಳೂ ಒಂದೇ ದನಿಯಲ್ಲಿ ಕೂಗುತ್ತಿದ್ದವು. ದೊಡ್ಡವನ ಫೋನು ಹತ್ತುತ್ತಿರಲಿಲ್ಲ. ತಾಯಿ ನೀರು ತುಂಬಲು ಬಂದಾಗಲೂ ಫೋನನ್ನು ರವಿಕೆಯೊಳಗೆ ಇಟ್ಟುಕೊಂಡು ಬರುತ್ತಿದ್ದಳು. ಸಣ್ಣವನು ಆ ದಿನಗಳಲ್ಲೇ ಈ ಹಾಡನ್ನು ಕಟ್ಟಿದ. ಚಾಳಿನ ಹುಡುಗರ ಕಾರ್ಯಕ್ರಮ ಮೊದಲೇ ನಿಗದಿಯಾಗಿತ್ತು. ಅವನು ಅವ್ವನಿಗೆ ಏನೂ ಬಿಡಿಸಿ ಹೇಳದೆ, ಈ ಸಲ ನೀನು ಬರಲೇಬೇಕು ಎಂದಿದ್ದ. ಅವಳು ಅವನ ಹಾಡು ಕೇಳಲು ಎಂದೂ ಬಂದವಳಲ್ಲ.

ಮೈದಾನವನ್ನು ನೋಡಿಕೊಳ್ಳುವ ಮಂಡಳದ ಹಿರಿಯರೊಬ್ಬರು ಕಾರ್ಯಕ್ರಮಕ್ಕೆ ಮುಂಚೆ ನನ್ನ ಮೇಜಿನ ಹತ್ತಿರ ಬಂದರು. ಮರಾಠಿಯವರು, ಒಳ್ಳೆಯವರು, ತಲೆಯ ಮೇಲೆ ಯಾವಾಗಲೂ ಬಿಳಿ ಟೋಪಿ.

"ವಾರ್ ಕೆ ಖಿಲಾಫ್ ಕುಛ್ ಗಾನಾ ಹೈ ಸುನಾ," ಎಂದರು, ಯುದ್ಧದ ವಿರುದ್ಧ ಏನೋ ಹಾಡು ಇದೆಯಂತೆ ಎಂದು. "ಮಾಹೋಲ್ ದೇಖಾ ಹೈ ನಾ? ಐಸಾ ಕುಛ್ ಆಯಾ ತೋ ಆವಾಜ್ ಬಂದ್ ಕರ್ ದೇನಾ. ಮೈ ಇಧರ್ ಹೀ ಖಡಾ ಹೂಂ." ವಾತಾವರಣ ಸರಿಯಿಲ್ಲ, ಅಂಥದ್ದು ಬಂದರೆ ದನಿ ಬಂದ್ ಮಾಡು, ತಾನು ಇಲ್ಲೇ ನಿಲ್ಲುತ್ತೇನೆ ಎಂದು.

ನಿಂತರು. ನನ್ನ ಬಲಗಡೆ.

ಸಣ್ಣವನು ಓಡಿಬಂದು ಪೆನ್‌ಡ್ರೈವ್ ಕೊಟ್ಟ. ಅವನ ಟೀಶರ್ಟು ಆಗಲೇ ಬೆವರಿನಿಂದ ಒದ್ದೆಯಾಗಿತ್ತು. "ಮಾಮಾ, ಕಡೀ ಟ್ರ್ಯಾಕ್. ಬೀಟ್ ಜ್ಯಾದಾ ಬ್ಯಾಡ. ನಡುವ ಒಂದು ಆವಾಜ್ ಬರ್ತದ, ಅದು ಸಾಫ್ ಬರಬೇಕು."

"ಯಾರ ಆವಾಜು?"

"ಸರ್‌ಪ್ರೈಸ್," ಎಂದು ನಕ್ಕು ಹೋದ.

ಮುಂದಿನ ಸಾಲಿನಲ್ಲಿ ಚಾಳಿನ ಹೆಂಗಸರು ಕೂತಿದ್ದರು. ಹುಡುಗರು ಅವರಿಗಾಗಿಯೇ ಕುರ್ಚಿ ಹಾಕಿದ್ದರು. ನಡುವೆ ಈ ತಾಯಿ, ಅವಳ ಪಕ್ಕ ಆಯಿ. ಆಯಿ ಎಂದರೆ ನಮ್ಮ ಚಾಳಿನಲ್ಲೇ ಹಿರಿಯಳು, ಎಲ್ಲರಿಗೂ ಅಜ್ಜಿ. ಮೊದಲ ಹಾಡುಗಳು ನಡೆಯುವಾಗ ಆಯಿ ಕಿವಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. "ಇವ್ರೇನು ಹಾಡ್ತಾರೋ, ಜಗಳಾ ಆಡ್ತಾರೋ? ಯಾರಿಗೆ ಬೈಯಾಕ ಹತ್ಯಾರ?" ಎಂದು ಕೇಳಿದ್ದು ನನಗೂ ಕೇಳಿಸಿತು. ಹೆಂಗಸರು ನಕ್ಕರು. ಹಿಂದೆ ಹುಡುಗರು, ಅವರ ಹಿಂದೆ ಶನಿವಾರದ ಪಗಾರ ಮುಗಿಸಿ ಬಂದ ನಮ್ಮ ಕಡೆಯ ಕಟ್ಟಡದ ಕೆಲಸಗಾರರು ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದರು.

ಸಣ್ಣವನು ಬಂದ. ಮೈಕನ್ನು ಬಾಯಿಗೆ ಬಹಳ ಹತ್ತಿರ ಹಿಡಿಯುತ್ತಾನೆ, ಎಷ್ಟು ಹೇಳಿದರೂ ಕೇಳುವುದಿಲ್ಲ. ನಾನು ಅದಕ್ಕೆ ತಕ್ಕಂತೆ ಇಳಿಸಿದೆ. ಹಾಡು ಹೀಗೆ ಶುರುವಾಯಿತು:

ಟೀವಿ ಮ್ಯಾಲ ನಕ್ಷಾ, ನಕ್ಷಾದ ಮ್ಯಾಲ ಬಾಣ,
ಬಾಣದ ತುದಿಗೆ ನಿಂತಾನ ನಮ್ಮ ಮನೀ ಅಣ್ಣ.
ಕೋಟ್ ಹಾಕ್ಕೊಂಡವ ಕೇಳ್ತಾನ, ಕಬ್ ಕರೋಗೆ ವಾರ್?
ನಿನ್ನ ಮಗನ ಬೂಟಿನ ಸೈಜ್ ಮೊದಲ ಹೇಳೋ ಯಾರ್.

ಹುಡುಗರು ಕೂಗಿದರು. ಮಂಡಳದ ಹಿರಿಯರು ನನ್ನ ಕಡೆ ಬಾಗಿ, "ಯಹೀ ಹೈ ಕ್ಯಾ?" ಎಂದರು, ಇದೇನಾ ಅದು ಎಂದು. ನಾನು ಮಿಕ್ಸರಿನಿಂದ ಕಣ್ಣೆತ್ತಲಿಲ್ಲ. ಅವರ ಕೈ ನನ್ನ ಮೊಣಕೈ ಮೇಲೆ ಬಂತು. ಒತ್ತಲಿಲ್ಲ, ಸುಮ್ಮನೆ ಇತ್ತು.

ತಂತಿ ಆ ಕಡೆ ಒಬ್ಬಾಕಿ ರೊಟ್ಟಿ ಬಡೀತಾಳ,
ತಂತಿ ಈ ಕಡೆ ನಮ್ಮವ್ವ ಎಸರ ಇಡ್ತಾಳ.
ಎರಡೂ ಒಲಿ ಹೊಗಿ ಮ್ಯಾಲ ಹೋಗಿ ಕೂಡ್ತಾವ,
ಹೊಗೀಗೂ ಪಾಸ್‌ಪೋರ್ಟ್ ಕೇಳ್ತೀರೇನು ಸಾಬ?

ಇಲ್ಲಿ ತಾಳ ನಿಂತಿತು. ಸ್ಪೀಕರಿನಿಂದ ಒಬ್ಬ ಹೆಂಗಸಿನ ದನಿ ಬಂತು. ಹಿಂದೆ ಯಾವುದೋ ಅಂಗಳದ ಸದ್ದು, ಒಂದು ಮೇಕೆಯ ಕೂಗು, ಅದರ ಮೇಲೆ ಆ ದನಿ:

ಅರ್ಧಾ ಉಂಡ ತಾಟ ಬಿಟ್ಟ ಎದ್ದ ಹೋದ್ಯಲ್ಲೋ,
ಕೈ ತೊಳಿಯಾಕ ನೀರ ಹಿಡಕೊಂಡ ನಾ ನಿಂತೇನಲ್ಲೋ.

ಅದು ಎದುರಿಗೆ ಕೂತಿದ್ದ ತಾಯಿಯದೇ ದನಿ. ಎರಡು ವರ್ಷದ ಹಿಂದೆ ಊರಿನಲ್ಲಿ ಅವಳ ತಮ್ಮ ಜ್ವರದಿಂದ ಸತ್ತಾಗ ಅತ್ತದ್ದು. ಸಣ್ಣವನು ಅಂಗಳದಲ್ಲಿ ನಿಂತು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ. ಅವನಿಗೆ ಅದು ತನ್ನ ಅವ್ವ ಹಾಡಿದ ಹಾಡು, ಅವನು ಕೇಳಿದ ಹಾಡುಗಳಲ್ಲೆಲ್ಲ ಒಳ್ಳೆಯದು. ಸಾವಿಲ್ಲದೆ ಆ ಹಾಡು ಮನೆಯಿಂದ ಹೊರಗೆ ಬರುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಇಲ್ಲಿ ಬೆಳೆದವನಿಗೆ ಅದನ್ನು ಹೇಳಬೇಕಾಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಆಯಿ ಕಿವಿಯಿಂದ ಸೆರಗು ತೆಗೆದಳು. ದನಿ ಯಾರದೆಂದು ಅವಳಿಗೆ ತಕ್ಷಣ ತಿಳಿಯಿತು. ಊರಿನಲ್ಲಿ ಅತ್ತದ್ದನ್ನು ಇಲ್ಲಿಯ ಹೆಂಗಸರು ಯಾರೂ ಕೇಳಿದವರಲ್ಲ. ಅವರಿಗೆ ಗೊತ್ತಿದ್ದದ್ದು ಇಷ್ಟು: ಇದು ಇವಳ ಸಾವಿನ ಅಳು, ಇವಳ ದೊಡ್ಡ ಮಗ ಗಡಿಯಲ್ಲಿದ್ದಾನೆ, ಫೋನು ಹತ್ತುತ್ತಿಲ್ಲ. ಆಯಿ ಎದ್ದಳು. ಪಕ್ಕಕ್ಕೆ ತಿರುಗಿ ತಾಯಿಯ ಕೊರಳಿಗೆ ಬಿದ್ದಳು. ಬಿದ್ದು, ಸ್ಪೀಕರಿನ ದನಿ ಬಿಟ್ಟಲ್ಲಿಂದಲೇ ಎತ್ತಿಕೊಂಡಳು. ಎರಡನೆಯವಳು ಎದ್ದಳು. ಆಮೇಲೆ ಸಾಲೇ ಎದ್ದಿತು.

ನಾನು ತಾಯಿಯ ಮುಖ ನೋಡುತ್ತಿದ್ದೆ. ಮೊದಲು ಅವಳಿಗೆ ತನ್ನ ದನಿ ಕೇಳಿ ಆಶ್ಚರ್ಯವಾಗಿತ್ತು, ಸ್ವಲ್ಪ ನಾಚಿಕೆಯೂ ಇತ್ತು. ಆಯಿಯ ತೋಳು ಬಂದಾಗ ಆ ಮುಖ ಹೋಯಿತು. ತಮ್ಮ ಸತ್ತಾಗಲೂ ಅವಳಿಗೆ ಆರಾಮಿಲ್ಲ ಬಾ ಎಂದೇ ಹೇಳಿದ್ದರು, ಬಾಗಿಲಲ್ಲಿ ಹೀಗೆಯೇ ತೋಳುಗಳು ಬಂದಿದ್ದವು. ಈಗ ಮಗ ಬರಲೇಬೇಕು ಎಂದು ಕರೆದಿದ್ದ. ಕರೆದ ಕಾರಣ ಇದು ಎಂದು ಅವಳು ತಿಳಿದಳು. ಆಮೇಲೆ ಅವಳೇ ನನಗೆ ಹೇಳಿದ್ದು: "ಎಲ್ಲಾರಿಗೂ ಗೊತ್ತೈತಿ, ನನಗೊಬ್ಬಾಕಿಗೇ ಹೇಳಿಲ್ಲ ಅನಿಸ್ತು ಅಣ್ಣಾರ." ಅವಳ ಕೈ ರವಿಕೆಯೊಳಗಿನ ಫೋನಿಗೆ ಹೋಯಿತು.

ಹಿಂದೆ ನಿಂತಿದ್ದ ಕೆಲಸಗಾರರು ಟವೆಲನ್ನು ಹೆಗಲಿನಿಂದ ತೆಗೆದು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತರು. ಸಾವಿನ ಮನೆಯ ಮುಂದೆ ಗಂಡಸರು ಹಾಗೆ ಕೂರುತ್ತಾರೆ. ಹುಡುಗರಿಗೆ ಏನೂ ತಿಳಿಯಲಿಲ್ಲ. ಕೆಲವರು ಇದು ಕಾರ್ಯಕ್ರಮದ ಭಾಗವೆಂದು ಫೋನು ಎತ್ತಿದರು. ಆ ವಿಡಿಯೋ ಶುರುವಾಗುವುದು ಇಲ್ಲಿಂದ.

ಮಂಡಳದ ಹಿರಿಯರು ನನ್ನ ಮೊಣಕೈ ಬಿಟ್ಟರು. "ಕೌನ್ ಗಯಾ?" ಎಂದು ಮೆಲ್ಲಗೆ ಕೇಳಿದರು, ಯಾರು ತೀರಿಹೋದರು ಎಂದು. ತಲೆಯ ಟೋಪಿ ತೆಗೆದರು.

ತಾಳ ಮತ್ತೆ ಶುರುವಾಯಿತು. ಆದರೆ ಸಣ್ಣವನು ಹಾಡಲಿಲ್ಲ. ಮೈಕು ಹಿಡಿದೇ ವೇದಿಕೆಯಿಂದ ಹಾರಿದ. ನಾನು ತಾಳ ಇಳಿಸಿದೆ. ಅವನ ಮೈಕು ಆನ್ ಇತ್ತು, ಹಾಗಾಗಿ ಮುಂದಿನ ಮಾತು ಇಡೀ ಮೈದಾನಕ್ಕೆ ಕೇಳಿಸಿತು.

"ಅವ್ವಾ, ಕುಛ್ ನಹೀ ಹುವಾ. ಏನೂ ಆಗಿಲ್ಲ. ಗಾನಾ ಅದು. ಗಾನಾ ಅಷ್ಟೇ."

"ಅಣ್ಣ ಎಲ್ಲಿ?"

"ಅಣ್ಣ ಅದಾನ."

"ಫೋನ್ ಮಾಡಿದ್ದನೇನು?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ ಅವ್ವಾ," ಎಂದ.

"ಹಂಗಂದ್ರ ನನ್ನ ಅಳು ಯಾಕ ತಗದ್ಯೋ?"

ಹೆಂಗಸರು ಸರಿದು ನಿಂತರು. ಒಬ್ಬಳು ಅವನಿಗೆ, "ಹುಚ್ಚ ಖೋಡಿ, ಬದುಕಿದ್ದ ಅಣ್ಣನ್ನ ಹುಗದಿ ನೋಡು," ಎಂದಳು. ಅವನ ಕೈಯ ಮೈಕು ಸ್ಪೀಕರಿನ ಕಡೆ ತಿರುಗಿ ಕಿರುಚಿತು. ನಾನು ಅದನ್ನು ಪೂರ್ತಿ ಬಂದ್ ಮಾಡಿದೆ. ಆಮೇಲಿನದನ್ನು ಕೇಳಿದವರು ಹತ್ತಿರ ಇದ್ದವರಷ್ಟೇ. ನಾನು ಹತ್ತಿರ ಇದ್ದೆ.

ಆಯಿ ಕುರ್ಚಿಯ ಬೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದಳು. ಅವಳ ಮುಖ ಇನ್ನೂ ಒದ್ದೆಯಾಗಿತ್ತು. ಆಮೇಲೆ ತಾಯಿಗೆ ಹೇಳಿದಳು, ಅಡಿಗೆಯ ವಿಷಯ ಹೇಳುವಂತೆ: "ಕಾಗಿ ಮುಟ್ಟಿದ್ರ ಏನು ಮಾಡ್ತಾರಾ?"

ನಮ್ಮ ಕಡೆ, ಕಾಗೆ ಬಂದು ಒಬ್ಬನ ತಲೆ ಮುಟ್ಟಿದರೆ ಅವನಿಗೆ ಸಾವಿನ ಗಂಡಾಂತರ ಎನ್ನುತ್ತಾರೆ. ಅದು ತಪ್ಪಲೆಂದು, ಅವನು ಸತ್ತನೆಂಬ ಸುಳ್ಳು ಸುದ್ದಿಯನ್ನು ದೂರದ ನೆಂಟರಿಗೆ ಕಳಿಸುತ್ತಾರೆ. ಅವರು ನಂಬಿ ಅಳಬೇಕು. ಅತ್ತ ಮೇಲೆ ನಿಜ ಹೇಳಿ ಬಾಯಿಗೆ ಸಿಹಿ ಹಾಕುತ್ತಾರೆ. ಸಾವಿಗೆ ಸಲ್ಲಬೇಕಾದ ಅಳು ಸಂದಿತು, ಇನ್ನು ಅದು ಇತ್ತ ಬರಬೇಕಾಗಿಲ್ಲ ಎಂಬ ನಂಬಿಕೆ. ನನ್ನ ಸೋದರಮಾವನಿಗೆ ಹೀಗೆ ಮಾಡಿದ್ದು ನನಗೆ ನೆನಪಿದೆ. ಅಳುತ್ತ ಬಂದ ನೆಂಟರಿಗೆ ಅವನೇ ಬಾಗಿಲಲ್ಲಿ ನಿಂತು ಬೆಲ್ಲ ಕೊಟ್ಟಿದ್ದ.

"ಇದೂ ಹಂಗ ತಿಳಿ," ಎಂದಳು ಆಯಿ. "ನಾವು ಖರೇ ಅಂತ ನಂಬೇ ಅತ್ತೀವಿ. ಆದ್ರ ಅರ್ಧಾ ಅತ್ತೀವಿ. ಅರ್ಧಾ ಅತ್ತ ಬಿಟ್ರ ಅದು ಬಾಗಲದಾಗ ಬಂದು ಕುಂದರತೈತಿ. ಪೂರಾ ಮಾಡೂಣು."

ತಾಯಿ ನನ್ನ ಮೇಜಿನ ಕಡೆ ನೋಡಿದಳು. "ಹಚ್ಚರಿ ಅಣ್ಣಾರ," ಎಂದಳು.

ನಾನು ಮಂಡಳದ ಹಿರಿಯರನ್ನು ನೋಡಿದೆ. ಅವರಿಗೆ ಕನ್ನಡ ಬರುವುದಿಲ್ಲ. ಆದರೆ ಟೋಪಿ ಇನ್ನೂ ಕೈಯಲ್ಲೇ ಇತ್ತು. ತಲೆಯಾಡಿಸಿದರು.

ನಾನು ಹಾಡನ್ನು ಮೊದಲಿನಿಂದ ಹಚ್ಚಿದೆ, ಸಣ್ಣವನ ಮೈಕೂ ತೆರೆದೆ. ಅವನು ವೇದಿಕೆ ಹತ್ತಲಿಲ್ಲ. ಹೆಂಗಸರ ಕುರ್ಚಿಗಳ ಮುಂದೆ ನೆಲದ ಮೇಲೆ ನಿಂತು ಹಾಡಿದ. ಟೀವಿ, ನಕ್ಷಾ, ಬೂಟಿನ ಸೈಜು. ಯಾರೂ ಕೂಗಲಿಲ್ಲ. ತಾಳ ನಿಂತು ಅವಳ ದನಿ ಬಂದಾಗ ಹೆಂಗಸರು ಅವಳ ಕೊರಳಿಗೆ ಬಿದ್ದರು, ಈ ಸಲ ಒಬ್ಬೊಬ್ಬರಾಗಿ, ಸರದಿಯಂತೆ. ಅವಳೂ ಅತ್ತಳು. ಸ್ಪೀಕರಿನಲ್ಲಿ ಅವಳ ಹಳೆಯ ದನಿ, ಅದರ ಕೆಳಗೆ ಅವಳ ಈಗಿನ ದನಿ. ಎರಡೂ ಕೂಡಲಿಲ್ಲ. ಈಗಿನದು ಸ್ವಲ್ಪ ಹಿಂದೆಯೇ ಬರುತ್ತಿತ್ತು. ಹಾಡು ಮುಗಿದ ಮೇಲೂ ಅವರು ಮುಗಿಸಲಿಲ್ಲ. ಉಣ್ಣುವ ತಾಟು, ಹರಿದ ಚಾದರ, ಅವನು ಚಿಕ್ಕವನಿದ್ದಾಗ ನಳದ ಕೆಳಗೆ ಬಿದ್ದದ್ದು, ಎಲ್ಲ ಬಂತು. ಅದು ಸುಳ್ಳು ಸುದ್ದಿಗೆ ಅತ್ತ ಅಳು ಎನ್ನಬಹುದು. ಆದರೆ ಆ ಹೊತ್ತಿಗೆ ಅದು ಸುಳ್ಳೆಂದು ಖಚಿತವಾಗಿ ಹೇಳಬಲ್ಲವರು ಮೈದಾನದಲ್ಲಿ ಯಾರೂ ಇರಲಿಲ್ಲ. ಅವರು ಅಳುತ್ತಿದ್ದದ್ದು ಗೊತ್ತಿಲ್ಲದ ಒಂದು ಸಾವಿಗೆ, ಅದು ಆಗದಿರಲಿ ಎಂದು.

ಆಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದಳು. "ನೀ ಯಾಕ ನಿಂತಿ? ನಿನ್ನವ್ವಂದೂ ಉಳದೈತಿ. ಹೆಂಗೂ ಅಳಾಕತ್ತೀವಿ, ಅತ್ತಬಿಡು."

ನಾನು ಅಳಲಿಲ್ಲ. ಕೈ ಮಿಕ್ಸರಿನ ಮೇಲಿತ್ತು.

ಆಮೇಲೆ ಬೆಲ್ಲ ಬೇಕಾಯಿತು. ಮೈದಾನದಲ್ಲಿ ಬೆಲ್ಲ ಎಲ್ಲಿಂದ? ಒಬ್ಬ ಹುಡುಗ ಹಿಂದಿನ ಚಹಾದ ಗಾಡಿಯಿಂದ ಸಕ್ಕರೆಯ ಡಬ್ಬಿಯನ್ನೇ ಹೊತ್ತು ತಂದ. "ಶಕ್ಕರ್ ನಡೀತದ?" ಎಂದು ಕೇಳಿದ. "ಸಾವಿಗೆ ಹೆಸರು ಕೇಳಿ ತಿನ್ನೂ ಚಟ ಇಲ್ಲಪಾ, ತಾ," ಎಂದಳು ಆಯಿ. ಚಿಟಿಕೆ ಚಿಟಿಕೆಯಾಗಿ ಎಲ್ಲರ ಬಾಯಿಗೆ ಹಾಕಿದಳು, ಮಂಡಳದ ಹಿರಿಯರಿಗೂ. ಅವರು ಯಾಕೆಂದು ಕೇಳದೆ ಬಾಯಿ ತೆರೆದರು. ಹಿಂದೆ ಯಾರೋ ಇಬ್ಬರು, ದೇಶದ ವಿರುದ್ಧ ಹಾಡು ಎಂದು ಗದ್ದಲ ಎಬ್ಬಿಸಲು ನೋಡಿದರು. ಕುಕ್ಕರಗಾಲಿನಲ್ಲಿ ಕೂತಿದ್ದ ಕೆಲಸಗಾರರು ಎದ್ದು ನಿಂತು ಅವರನ್ನು ನೋಡಿದರು. ಗದ್ದಲ ಅಲ್ಲಿಗೇ ಮುಗಿಯಿತು.

ಎಲ್ಲರೂ ಹೋದ ಮೇಲೆ ನಾನು ವೈರು ಸುತ್ತಿದೆ. ಆ ಮೈದಾನ ನನಗೆ ಅಷ್ಟು ಖಾಲಿಯಾಗಿ ಕಂಡದ್ದು ಅದೇ ಮೊದಲು.

ಭಾನುವಾರ ಫೋನು ಬರಲಿಲ್ಲ. ಸೋಮವಾರವೂ ಬರಲಿಲ್ಲ. ಸಣ್ಣವನು ಕೆಲಸ ಮುಗಿಸಿ ಬಂದವನು ಮನೆಗೆ ಹೋಗದೆ ನನ್ನ ಅಂಗಡಿಯಲ್ಲಿ ಸ್ಪೀಕರಿನ ಮೇಲೆ ಕೂತಿರುತ್ತಿದ್ದ. ನೆಟ್ಟಿಗೆ ಹಾಕಿದ್ದ ಹಾಡನ್ನು ತೆಗೆಯುತ್ತೇನೆ ಎಂದ. ತಾಯಿ ಬಾಗಿಲಿಗೆ ಬಂದು, "ಅವ ಬರೂತನಾ ಅದು ಇರಲಿ," ಎಂದಳು. ಅವನ ಜೊತೆ ಅವಳು ಆ ಎರಡು ದಿನ ಆಡಿದ ಮಾತು ಅಷ್ಟೇ ಎಂದು ಕಾಣುತ್ತದೆ.

ಮಂಗಳವಾರ ಬೆಳಿಗ್ಗೆ, ನೀರು ಬಂದ ಹೊತ್ತಿನಲ್ಲಿ, ಅವಳು ಕೊಡ ಬಿಟ್ಟು ಗಲ್ಲಿಯ ನಡುವೆ ನಿಂತಿದ್ದಳು. ಫೋನನ್ನು ಮುಖದ ಮುಂದೆ, ಆರತಿಯ ತಟ್ಟೆ ಹಿಡಿದಂತೆ ಹಿಡಿದಿದ್ದಳು. ಒಳಗಿನಿಂದ ದೊಡ್ಡವನ ದನಿ: "ಅವ್ವಾ, ಚಾರ್ಜ್ ಇಲ್ಲ. ಆರಾಮ ಅದೀನಿ. ಆಮ್ಯಾಲ ಮಾಡ್ತೀನಿ." ಅಷ್ಟೇ. ಕೊಡ ತುಂಬಿ ನೀರು ಹರಿಯುತ್ತಿತ್ತು. ಯಾರೂ ಬೈಯಲಿಲ್ಲ.

ದೊಡ್ಡವನು ಗಣಪತಿ ಹಬ್ಬದ ಹೊತ್ತಿಗೆ ರಜೆಯ ಮೇಲೆ ಬಂದ. ಬಂದ ದಿನ ಅವನು ಊಟ ಮಾಡುವುದನ್ನು ನಾನು ಎದುರಿನಿಂದ ನೋಡಿದೆ, ಬಾಗಿಲು ತೆರೆದೇ ಇತ್ತು. ತಾಟು ಖಾಲಿಯಾಗುವವರೆಗೆ ತಾಯಿ ತಂಬಿಗೆಯಲ್ಲಿ ನೀರು ಹಿಡಿದುಕೊಂಡು ನಿಂತಿದ್ದಳು. ಅವನ ಕೈಗೆ ತಾನೇ ಹೊಯ್ದಳು.

ಮರುದಿನ ಅವನು ಅಂಗಡಿಗೆ ಬಂದು, ಹಾಡು ಕೇಳಿಸು ಮಾಮಾ ಎಂದ. ಅವನ ದನಿ ಮೊದಲಿಗಿಂತ ಸಣ್ಣದಾಗಿತ್ತು. ಹೆಡ್‌ಫೋನ್ ಕೊಟ್ಟೆ. ಬೂಟಿನ ಸೈಜಿನ ಸಾಲಿಗೆ ನಕ್ಕ. ಅಳು ಬಂದಾಗ ಕಣ್ಣು ಮುಚ್ಚಿದ. ಮುಗಿದ ಮೇಲೆ ಹೆಡ್‌ಫೋನನ್ನು ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತ.

"ನನ್ನ ಬಾಜೂ ಹಾಸಿಗಿಯಾಂವ ಒಬ್ಬ ಇದ್ದ," ಎಂದ. "ಅವನ ಅವ್ವಗ ಹಿಂಗ ಮೊದಲ ಅತ್ತಬಿಡೂದು ಗೊತ್ತಿರಲಿಲ್ಲ ಕಾಣತೈತಿ."

ನಾನು ಚಹಾ ತರಿಸಿದೆ. ಅವನು ಕುಡಿದು ಹೋದ. ಸಣ್ಣವನು ಆ ಹಾಡನ್ನು ಇನ್ನೂ ತೆಗೆದಿಲ್ಲ. ಅಣ್ಣನೇ ತೆಗೆಯಬೇಡ ಎಂದನಂತೆ.

ಆಯಿ ಈ ಚಳಿಗಾಲದಲ್ಲಿ ತೀರಿಕೊಂಡಳು. ಕೊರಳಿಗೆ ಬಿದ್ದವರು ಬಹಳ ಜನ. ಹಾಡನ್ನು ಕಟ್ಟಿ ಎತ್ತಿಕೊಂಡವಳು ಆ ತಾಯಿ ಒಬ್ಬಳೇ. ಸಣ್ಣವನು ಗಲ್ಲಿಯಲ್ಲಿ ಗಂಡಸರ ಜೊತೆ ಕುಕ್ಕರಗಾಲಿನಲ್ಲಿ ಕೂತಿದ್ದ. ಫೋನು ಜೇಬಿನಿಂದ ಹೊರಗೆ ಬರಲಿಲ್ಲ. ಅಂದು ನನ್ನ ಕೈಯಲ್ಲಿ ಮಿಕ್ಸರ್ ಇರಲಿಲ್ಲ. ಅವಳು ಹೇಳಿದ ಬಾಕಿಯನ್ನು ನಾನು ಅವಳ ಬಾಗಿಲಲ್ಲೇ ಅತ್ತೆ.

ಆ ಸಂಜೆ ಮೈದಾನದಲ್ಲಿ ಇದನ್ನು ಮೊದಲಿನಿಂದ ಕೊನೆಯವರೆಗೆ ಹತ್ತಿರದಿಂದ ನೋಡಿದವರಲ್ಲಿ ಈಗಲೂ ಕೇಳಲು ಸಿಗುವವರು ಇವರು. ತಾಯಿ, ನನ್ನ ಎದುರಿನ ಖೋಲಿಯಲ್ಲಿದ್ದಾಳೆ. ಮಂಡಳದ ಹಿರಿಯರು, ಮೊಣಕಾಲು ನೋವಿನಿಂದ ಈಗ ಹೊರಗೆ ಕಡಿಮೆ ಬರುತ್ತಾರೆ, ಸಕ್ಕರೆಯ ಅರ್ಥವನ್ನು ಅವರಿಗೆ ಆಮೇಲೆ ಹೇಳಿದ್ದೇನೆ. ಆಯಿಯ ನಂತರ ಎರಡನೆಯವಳಾಗಿ ಎದ್ದವಳು, ಚರ್ಮದ ಚೀಲ ಹೊಲಿಯುತ್ತಾಳೆ. ಡಬ್ಬಿ ಹೊತ್ತು ತಂದ ಹುಡುಗ, ಈಗ ಚಹಾದ ಗಾಡಿ ಅವನದೇ. ಮತ್ತೆ ಸಣ್ಣವನು, ಸಾಂತಾಕ್ರೂಜಿನಲ್ಲಿ ಅದೇ ಕೆಲಸದಲ್ಲಿದ್ದಾನೆ. ಕೇಳಿದರೆ ಹೇಳುತ್ತಾನೆ. ಅವನ ಕನ್ನಡ ನಿಧಾನ, ಪೂರ್ತಿ ಹೇಳಲು ಬಿಡಬೇಕು.